ಬರ್ಗ್‌ಮನ್ ನೋಡಬೇಕಾ? ಮೊದಲು ಮಾವ–ಸೊಸೆಯ ಕಾರು ಹತ್ತಿ

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಸಿನಿಮಾ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು, 'ಪರ್ಸೋನಾ'ದಿಂದ ಬೇಡ. ನಾನು ಹಾಗೇ ಮಾಡಿದ್ದೆ. ಕಾರವಾರದಲ್ಲಿ ಓದುವಾಗ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದ. ಮಾತು ಬಿಟ್ಟ ನಟಿ, ಅವಳನ್ನು ನೋಡಿಕೊಳ್ಳುವ ನರ್ಸ್, ನಡುವೆ ಫಿಲ್ಮೇ ಸುಟ್ಟುಹೋಗುವ ದೃಶ್ಯ. ತಲೆಗೆ ಏನೂ ಹತ್ತಲಿಲ್ಲ. ಆಮೇಲೆ ಆರೇಳು ವರ್ಷ ಬರ್ಗ್‌ಮನ್ ಸುದ್ದಿಗೇ ಹೋಗಲಿಲ್ಲ, ಆ ವರ್ಷಗಳ ಬಗ್ಗೆ ಈಗಲೂ ಬೇಜಾರಿದೆ.

'ವೈಲ್ಡ್ ಸ್ಟ್ರಾಬೆರೀಸ್'ನಿಂದ ಶುರು ಮಾಡಿ. 1957ರದ್ದು, ಕಪ್ಪು ಬಿಳುಪು, ಒಂದೂವರೆ ಗಂಟೆ ಅಷ್ಟೇ. 78 ವರ್ಷದ ಡಾಕ್ಟರ್ ಇಸಾಕ್ ಬೋರ್ಗ್ ಗೌರವ ಪದವಿ ತಗೊಳ್ಳೋಕೆ ಲುಂಡ್ ಊರಿಗೆ ಕಾರಿನಲ್ಲಿ ಹೊರಡುತ್ತಾನೆ. ಜೊತೆಗೆ ಸೊಸೆ ಮರಿಯಾನ್. ಹೊರಟು ಸ್ವಲ್ಪ ಹೊತ್ತಿಗೇ ಸೊಸೆ ಹೇಳಿಬಿಡುತ್ತಾಳೆ: ನೀವು ಸ್ವಾರ್ಥಿ, ನಿಮ್ಮ ಮಗನಿಗೆ ನಿಮ್ಮ ಮೇಲೆ ಗೌರವ ಇದೆ, ದ್ವೇಷವೂ ಇದೆ. ಕೂಗಾಟ ಇಲ್ಲ, ಅಳು ಇಲ್ಲ.

ಇದನ್ನು ನಾನು ಶಿರಸಿ ಹತ್ತಿರದ ನಮ್ಮನೆಯಲ್ಲಿ, ಅಡಿಕೆ ಸುಲಿಯುವ ದಿನಗಳಲ್ಲಿ ಒಂದು ಸಂಜೆ ಹಾಕಿದ್ದೆ. ಲ್ಯಾಪ್‌ಟಾಪ್ ಸ್ಟೂಲಿನ ಮೇಲೆ, ಆಯಿ (ನಮ್ಮಮ್ಮ) ಮೆಟ್ಟುಗತ್ತಿ ಮುಂದೆ, ನಾನು ಪಕ್ಕದಲ್ಲಿ ಕೂತು ಇಂಗ್ಲಿಷ್ ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸೊಸೆಯ ಆ ಮಾತಿಗೆ ಆಯಿಯ ಕೈ ನಿಂತಿತು. ಅರ್ಧ ಸಿಪ್ಪೆ ಬಿಟ್ಟ ಅಡಿಕೆ ಕೈಯಲ್ಲೇ ಇತ್ತು. "ಅದು ಹೇಳಿದ್ದು ಸರಿ ಇದ್ದು" ಅಂದಳು.

ಮುಂದೆ ಒಂದು ಪೆಟ್ರೋಲ್ ಬಂಕ್ ಬರುತ್ತದೆ. ಬಂಕಿನವನು ದುಡ್ಡು ಬೇಡ ಅನ್ನುತ್ತಾನೆ, ಡಾಕ್ಟರ ಉಪಕಾರ ಈ ಕಡೆ ಯಾರೂ ಮರೆತಿಲ್ಲ ಅಂತ. ಮುದುಕ ತನ್ನಷ್ಟಕ್ಕೇ ಗೊಣಗುತ್ತಾನೆ, ನಾನು ಇಲ್ಲೇ ಇದ್ದುಬಿಡಬೇಕಿತ್ತೇನೋ ಅಂತ. ಊರವರಿಗೆ ದೇವರಂಥ ಮನುಷ್ಯ, ಮನೆಯವರಿಗೆ ಮಾತ್ರ ಕಲ್ಲು. ಇಂಥ ಡಾಕ್ಟರು, ಇಂಥ ಮಾಸ್ತರು ನಮ್ಮ ಕಡೆಯೂ ಇದ್ದಾರೆ ಅಲ್ವಾ? ಈ ಪಾತ್ರ ಮಾಡಿದ ವಿಕ್ಟರ್ ಶೋಸ್ಟ್ರೋಮ್ ಮೂಕಿ ಕಾಲದ ದೊಡ್ಡ ನಿರ್ದೇಶಕ. ಆ ಮುಖವನ್ನು ಸುಮ್ನೆ ನೋಡುತ್ತಾ ಕೂತರೂ ಸಾಕು.

ಸಿನಿಮಾದ ಸ್ವೀಡಿಷ್ ಹೆಸರಿಗೆ ಕಾಡು ಸ್ಟ್ರಾಬೆರಿ ಬೆಳೆಯುವ ಜಾಗ ಅಂತ ಅರ್ಥ. ಚಿಕ್ಕವರಿದ್ದಾಗ ನಮಗೆ ಬೆಟ್ಟದಲ್ಲಿ ಒಂದು ಕವಳಿ ಹಣ್ಣಿನ ಮಟ್ಟಿ ಇರುತ್ತಿತ್ತಲ್ಲ, ಬೇರೆ ಮಕ್ಕಳಿಗೆ ಹೇಳದೆ ಕಾಯ್ದುಕೊಂಡದ್ದು, ಹಾಗೆ. ಮುದುಕ ದಾರಿ ಮಧ್ಯೆ ಇಳಿದು ಅಲ್ಲಿಗೇ ಹೋಗುತ್ತಾನೆ.

ಕೊನೆಯ ಹೊತ್ತಿಗೆ ಅವನು ಮನೆಗೆಲಸ ನೋಡಿಕೊಳ್ಳುವ ಅಗ್ಡಾಗೆ, ಇನ್ನು ನಾವು ಸಲಿಗೆಯಿಂದ ಮಾತಾಡೋಣವಾ ಅಂತ ಕೇಳುತ್ತಾನೆ. ನಾನು ಅದನ್ನು 'ನೀವು ಬಿಟ್ಟು ನೀನು ಅನ್ನೋಣವಾ' ಅಂತಲೇ ಹೇಳಿದೆ. ಅಗ್ಡಾ ಒಪ್ಪುವುದಿಲ್ಲ. ಅದು ಯಾಕೆ ಅಂತ ಆಯಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ 'ದಿ ಸೆವೆಂತ್ ಸೀಲ್'. ಅದೂ 1957ರದ್ದೇ, ಒಂದೇ ವರ್ಷದಲ್ಲಿ ಎರಡು! ಸಾವಿನ ಜೊತೆ ಚದುರಂಗ ಆಡುವ ಯೋಧನ ಚಿತ್ರ ಎಲ್ಲರೂ ನೋಡಿರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಊರೂರು ತಿರುಗುವ ಆಟದವರ ಸಂಸಾರ. ಗಂಡ, ಹೆಂಡತಿ, ಕೂಸು, ಒಂದು ಗಾಡಿ. ತಿರುಗಾಟದ ಯಕ್ಷಗಾನ ಮೇಳ ನೋಡಿ ಬೆಳೆದವರಿಗೆ ಅವರು ಗುರುತಿನವರೇ. ಅವರು ಯೋಧನಿಗೆ ಹಾಲು ಮತ್ತು ಅದೇ ಕಾಡು ಸ್ಟ್ರಾಬೆರಿ ಕೊಡುತ್ತಾರೆ. ಸುತ್ತ ಪ್ಲೇಗ್. ಅವನು ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಈ ಹೊತ್ತನ್ನು ನೆನಪಿಟ್ಟುಕೊಳ್ಳುತ್ತೇನೆ ಅನ್ನುತ್ತಾನೆ.

1982ರ 'ಫ್ಯಾನಿ ಆಂಡ್ ಅಲೆಕ್ಸಾಂಡರ್' ಮೂರು ಗಂಟೆಗೂ ಜಾಸ್ತಿ ಇದೆ, ಮಳೆಗಾಲಕ್ಕೆ ಇಟ್ಟುಕೊಳ್ಳಿ. 'ಪರ್ಸೋನಾ' ಅದರ ನಂತರ. ಹೋದ ವರ್ಷ ಮತ್ತೆ ನೋಡಿದೆ, ಈ ಸಲ ಕದಲದೆ ಕೂತಿದ್ದೆ.

ನಡುವೆ 'ಆಟಮ್ ಸೊನಾಟಾ' (1978) ಬಿಡಬೇಡಿ. ಹೆಸರಾಂತ ಪಿಯಾನೋ ವಾದಕಿ ತಾಯಿ ಬಹಳ ವರ್ಷದ ಮೇಲೆ ಮಗಳ ಮನೆಗೆ ಬರುತ್ತಾಳೆ. ಮಗಳು ಸಂಗೀತಗಾರ ಶೋಪಾನ್‌ನ ಒಂದು ಕೃತಿ ನುಡಿಸುತ್ತಾಳೆ, ಆಮೇಲೆ ತಾಯಿ ಅದನ್ನೇ ನುಡಿಸಿ, ಹೇಗೆ ನುಡಿಸಬೇಕು ಅಂತ ತೋರಿಸುತ್ತಾಳೆ. ಆಗ ಮಗಳ ಮುಖ ನೋಡಿ. ಕಥೆ ಹೇಳಿದ್ದೇ ಆಯಿ ಈಗ ಹಾಕಬೇಡ ಅಂದಳು. ಅಕ್ಕ ಊರಿಗೆ ಬಂದಾಗ ಅವಳ ಜೊತೆ ಕೂತು ನೋಡುತ್ತಾಳಂತೆ.