ಊಟ ಮಾಡ್ಕೊಂಡು ಬರೋಷ್ಟ್ರಲ್ಲಿ ಬುಕಿಂಗ್ ಮಾಯ

ಆರು ವರ್ಷದಿಂದ ಮ್ಯಾನುಯಲ್ ಟೆಸ್ಟಿಂಗ್ ಮಾಡ್ಕೊಂಡು ಬಂದಿದೀನಿ. ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡೋ ದಾರಿ) ಟೆಸ್ಟಿಂಗ್ ಅಂದ್ರೆ ರಿಕ್ವೆಸ್ಟ್ ಕಳ್ಸೋ ಪೋಸ್ಟ್‌ಮ್ಯಾನ್ ಆ್ಯಪ್ ತೆಗೆಯೋದು, ಸೆಂಡ್ ಒತ್ತೋದು, ಉತ್ತರವಾಗಿ ಬಂದ ಜೇಸನ್ ಡೇಟಾನ ಕಣ್ಣಲ್ಲಿ ನೋಡಿ "ಸರಿಯಿದೆ" ಅಂತ ಎಕ್ಸೆಲ್ ಶೀಟಲ್ಲಿ ಪಾಸ್ ಅಂತ ಬರಿಯೋದು, ಅಷ್ಟೇ. ಈ ವರ್ಷ ಆಟೊಮೇಷನ್ (ಟೆಸ್ಟನ್ನ ಕೋಡ್ ಬರ್ದು ಓಡಿಸೋದು) ಕಲಿಲೇಬೇಕು ಅಂತ ಒಂದು ಕೋಚಿಂಗ್ ಸೆಂಟರಿಗೆ ದುಡ್ಡೂ ಕಟ್ಟಿದ್ದೆ. ಅಲ್ಲಿ ಎರಡು ವಾರ ಬರೀ ಗೆಟ್ ರಿಕ್ವೆಸ್ಟು (ಡೇಟಾ ಕೊಡು ಅಂತ ಕೇಳೋದು), 200 (ಸರಿಯಾಯ್ತು ಅನ್ನೋ ಕೋಡ್) ಬಂತಾ ಅಂತ ನೋಡೋದು, ಮುಗೀತು. ಪ್ರಾಕ್ಟೀಸ್ ಮಾಡೋಕೆ ಜಾಗ ಎಲ್ಲಿ ಸಾರ್ ಅಂದ್ರೆ "ಗೂಗಲ್ ಮಾಡಿ, ಬೇಕಾದಷ್ಟಿದೆ" ಅಂದ್ರು.

ಬೇಕಾದಷ್ಟಿದೆ, ನಿಜ. ಮೊದಲು ಸಿಕ್ಕ ಡಮ್ಮಿ ಎಪಿಐ ಜೇಸನ್‌ಪ್ಲೇಸ್‌ಹೋಲ್ಡರ್. ಪೋಸ್ಟ್ (ಹೊಸದನ್ನ ಸೇರಿಸೋ ರಿಕ್ವೆಸ್ಟ್) ಕಳ್ಸಿದೆ, 201 (ಹೊಸದು ಹುಟ್ಟಿತು) ಬಂತು, ಐಡಿ 101 ಅಂತನೂ ಕೊಡ್ತು, ಖುಷಿಯಾಯ್ತು. ಅದೇ 101ನ್ನ ಗೆಟ್ ಮಾಡಿದ್ರೆ 404, ಅಂದ್ರೆ ಅಂಥದ್ದೇ ಇಲ್ಲ! ಅದು ಸೇವ್ ಮಾಡಿದ ಹಾಗೆ ನಾಟಕ ಆಡತ್ತೆ ಅಷ್ಟೆ, ಒಳಗಿರೋದು ಯಾವಾಗ್ಲೂ ಅದೇ 100 ದಾಖಲೆ. ಸ್ಕ್ರೀನ್ ಮಾಡೋ ಫ್ರಂಟ್‌ಎಂಡ್‌ನವರಿಗೆ ಸಾಕು, ನಮ್ಮಂಥವರಿಗೆ ಹಾಕಿದ್ದು ಒಳಗೆ ಹೋಯ್ತಾ ಇಲ್ವಾ ಅಂತ ನೋಡೋದೇ ಕೆಲಸ ಅಲ್ವಾ.

ಆಮೇಲೆ ರೆಸ್ಟ್‌ಫುಲ್ ಬುಕರ್ ಸಿಕ್ತು. ಮಾರ್ಕ್ ವಿಂಟರಿಂಗ್‌ಹ್ಯಾಮ್ ಅನ್ನೋರು ಟೆಸ್ಟರ್‌ಗಳಿಗೆ ಅಂತಲೇ ಮಾಡಿರೋ ಎಪಿಐ, ಹೋಟೆಲ್ ಬುಕಿಂಗ್ ಥರ, ಬೇಕಂತಲೇ ಬಗ್ ಬಿಟ್ಟಿದಾರೆ ಒಳಗೆ. ಪೋಸ್ಟ್‌ಮ್ಯಾನ್‌ನಲ್ಲಿ ಒಂದು ಬುಕಿಂಗ್ ಮಾಡ್ಕೊಂಡೆ, ಬಂದ ಐಡಿನ ಸೀದಾ ಪೈಥಾನ್ ಕೋಡಲ್ಲಿ ಬರ್ದೆ, ಆರು ಟೆಸ್ಟ್, ಆರೂ ಹಸಿರು. ಸಾರು ಬಿಸಿ ಮಾಡಿ ಊಟ ಮಾಡ್ಕೊಂಡು ಬಂದು ಇನ್ನೊಂದ್ಸಲ ಓಡಿಸಿದ್ರೆ ಆರೂ ಕೆಂಪು. ಒಂದಕ್ಷರ ಮುಟ್ಟಿಲ್ಲ! ಇಂಡೆಂಟೇಷನ್ ನೋಡ್ದೆ, ಹೆಡರ್ (ರಿಕ್ವೆಸ್ಟ್ ಜೊತೆ ಹೋಗೋ ವಿವರ) ನೋಡ್ದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ದೆ, ರಾತ್ರಿ ಒಂದು ಗಂಟೆವರೆಗೂ ನನ್ನ ಕೋಡನ್ನೇ ಬೈಕೊಂಡು ಕೂತಿದ್ದೆ. ಆಮೇಲೆ ಡಾಕ್ಯುಮೆಂಟೇಷನ್ ಮೊದಲ್ನೇ ಪ್ಯಾರಾ ಓದಿದ್ರೆ ಅಲ್ಲೇ ಇದೆ, ಹತ್ತು ದಾಖಲೆ ಇರತ್ತೆ, 10 ನಿಮಿಷಕ್ಕೊಂದ್ಸಲ ಎಲ್ಲಾ ರೀಸೆಟ್ ಆಗತ್ತೆ ಅಂತ. ನನ್ನ ಬುಕಿಂಗು ನಾನು ಊಟ ಮಾಡೋವಾಗ್ಲೇ ಹೋಗಿತ್ತು. ರೀಸೆಟ್ ಇಲ್ದಿದ್ರೂ ಅದು ಊರಿಗೆಲ್ಲ ಬಾಗ್ಲು ತೆಗ್ದಿರೋ ಸರ್ವರ್ರು, ಇನ್ಯಾರೋ ಕಲಿಯೋರು ಡಿಲೀಟ್ ಪ್ರಾಕ್ಟೀಸ್ ಮಾಡ್ತಾ ನಂದನ್ನೇ ಅಳಿಸಬಹುದು.

ಆವಾಗ ಅನ್ನಿಸ್ತು, ಸಂತೆಯಲ್ಲಿ ಕೂತು ಕಲಿಯೋದು ಬೇಡ, ಮನೇಲೇ ಒಂದು ಇಟ್ಕೊಳ್ಳೋಣ ಅಂತ. ಇದರ ಕೋಡ್ ಗಿಟ್‌ಹಬ್‌ನಲ್ಲೇ ಇದೆ, ಕ್ಲೋನ್ (ಕಾಪಿ) ಮಾಡಿ, ಆ್ಯಪನ್ನ ಡಬ್ಬಿಯಲ್ಲಿಟ್ಟ ಹಾಗೆ ಓಡಿಸೋ ಡಾಕರ್‌ಗೆ ಕಂಪೋಸ್ ಅಪ್ ಅಂತ ಕಮಾಂಡ್ ಕೊಟ್ರೆ ನಮ್ಮ ಲ್ಯಾಪ್‌ಟಾಪಲ್ಲೇ, ಅಂದ್ರೆ ಲೋಕಲ್‌ಹೋಸ್ಟ್ 3001ರಲ್ಲಿ ಎದ್ದು ಕೂರತ್ತೆ. ಹೇಳೋಕೆ ಒಂದು ಸಾಲು, ನನಗೆ ಹಿಡಿದಿದ್ದು ಪೂರ್ತಿ ಒಂದು ಭಾನುವಾರ. ನಂದು 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪು, ಡಾಕರ್ ಹಾಕಿದ ತಕ್ಷಣ ಫ್ಯಾನು ಮಿಕ್ಸಿ ಥರ ಕೂಗೋಕೆ ಶುರು. ಡಾಕರ್ ಹಿಂದೆ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಓಡ್ತಿರತ್ತೆ, ಅದು ಏನೂ ಹೇಳದಿದ್ರೆ ಅರ್ಧ ಮೆಮೊರಿವರೆಗೂ ತಗೊಳತ್ತೆ. ಯೂಸರ್ ಫೋಲ್ಡರಲ್ಲಿ ಡಾಟ್ ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಅಂತ ಫೈಲ್ ಮಾಡಿ ಮೆಮೊರಿ 2 ಜಿಬಿ ಅಂತ ಬರ್ದು, ಡಬ್ಲ್ಯುಎಸ್‌ಎಲ್‌ನ ಒಂದ್ಸಲ ಶಟ್‌ಡೌನ್ ಮಾಡಿ ಎಬ್ಬಿಸಿದ ಮೇಲೆ ತಣ್ಣಗಾಯ್ತು. ಆ ಲಿನಕ್ಸ್, ಅಂದ್ರೆ ಉಬುಂಟು ಒಳಗೆ ಪೈಥಾನ್ ಪ್ಯಾಕೇಜ್ ಹಾಕೋಕೆ ಪಿಪ್ ಇನ್‌ಸ್ಟಾಲ್ ಕೊಟ್ರೆ ಇನ್ನೊಂದು ಜಗಳ, ಸಿಸ್ಟಮ್ ಪೈಥಾನ್ ಮುಟ್ಟಬೇಡ ಅಂತ ಈಗಿನ ಉಬುಂಟು ಬಿಡಲ್ಲ. ವರ್ಚುಯಲ್ ಎನ್ವಿರಾನ್ಮೆಂಟ್ (ಬೇರೆಯೇ ಪೈಥಾನ್ ಜಾಗ) ಮಾಡ್ಕೊಂಡು ಅದರೊಳಗೆ ಟೆಸ್ಟ್ ಓಡಿಸೋ ಪೈಟೆಸ್ಟು, ರಿಕ್ವೆಸ್ಟ್ ಕಳ್ಸೋ ರಿಕ್ವೆಸ್ಟ್ಸು ಹಾಕ್ಕೊಳ್ಳಿ. ಎರಡೇ ಸಾಕು, ಮೊದಲ ದಿನವೇ ರಿಪೋರ್ಟ್ ಪ್ಲಗಿನ್ನು ಫ್ರೇಮ್‌ವರ್ಕು ಅಂತ ಹತ್ತು ಹಾಕ್ಕೊಂಡ್ರೆ ಟೆಸ್ಟ್ ಬರಿಯೋದು ಮುಂದಿನ ದೀಪಾವಳಿಗೆ.

ಸೆಟಪ್‌ನಲ್ಲಿ ನನಗೆ ನಿಜವಾಗ್ಲೂ ಕಲಿಸಿದ್ದು ಪೈಟೆಸ್ಟ್‌ನ ಫಿಕ್ಸ್ಚರ್. ಪ್ರತಿ ಟೆಸ್ಟಿಗೂ ಮುಂಚೆ ಹೊಸ ಬುಕಿಂಗ್ ಮಾಡತ್ತೆ, ಯೀಲ್ಡ್ ಅಂತ ಐಡಿನ ಟೆಸ್ಟ್ ಕೈಗೆ ಕೊಡತ್ತೆ, ಟೆಸ್ಟ್ ಪಾಸೋ ಫೇಲೋ ಕೇಳದೆ ಆಮೇಲೆ ತಾನೇ ಅಳ್ಸತ್ತೆ. ಅಡುಗೆ ಆದ್ಮೇಲೆ ಪಾತ್ರೆ ತೊಳ್ದಿಡೋ ಥರ. ಇದು ಬಂದ ಮೇಲೆ ಕೋಡಲ್ಲಿ ಐಡಿ ಬರಿಯೋ ಚಾಳಿ ಬಿಟ್ಟೋಯ್ತು. ಅಳಿಸೋಕೆ ಟೋಕನ್ (ಲಾಗಿನ್ ಆದ್ಮೇಲೆ ಸಿಗೋ ಗುರುತಿನ ಚೀಟಿ) ಬೇಕು, ಅದನ್ನ ಸೆಷನ್ನಿಗೆ ಒಂದೇ ಸಲ ತಗೊಳ್ಳೋ ಹಾಗೆ ಬೇರೆ ಫಿಕ್ಸ್ಚರ್ ಮಾಡಿದೀನಿ. ಹಾಂ, ಆ ಟೋಕನ್ ಹೋಗ್ಬೇಕಾಗಿರೋದು ಕುಕಿ ಹೆಡರಲ್ಲಿ, ನಾನು ಅಭ್ಯಾಸಬಲದಿಂದ ಆಥರೈಸೇಷನ್ ಬೇರರ್ ಅಂತ ಹಾಕಿ ಅರ್ಧ ಗಂಟೆ 403 (ಅನುಮತಿ ಇಲ್ಲ) ತಿಂದೆ. ಸರ್ವರ್ ವಿಳಾಸ, ಅಂದ್ರೆ ಬೇಸ್ ಯುಆರ್‌ಎಲ್‌ನ ಎನ್ವಿರಾನ್ಮೆಂಟ್ ವೇರಿಯಬಲ್ ಮಾಡಿ ಇಡಿ, ನಾಳೆ ಬೇರೆ ಕಡೆ ಓಡಿಸೋಕೆ ಒಂದೇ ಜಾಗ ಬದಲಾಯಿಸಿದ್ರೆ ಆಯ್ತು. ರಿಕ್ವೆಸ್ಟ್ಸಿಗೆ ಟೈಮ್‌ಔಟ್ ನಾವೇ ಕೊಡ್ಬೇಕು, ಇಲ್ದಿದ್ರೆ ಸರ್ವರ್ ಉತ್ತರ ಕೊಡೋವರೆಗೂ ಬಸ್‌ಸ್ಟಾಪಲ್ಲಿ ಕಾದ ಹಾಗೆ ಕಾಯ್ತಾನೇ ಇರತ್ತೆ.

ಮನೆ ಸರ್ವರಲ್ಲಿ ಕೂತ ಮೇಲೆ ಹೆದರಿಕೆ ಇಲ್ವಲ್ಲ, ಕೆಣಕೋಕೆ ಶುರು ಮಾಡ್ದೆ. ತಪ್ಪು ಪಾಸ್‌ವರ್ಡ್ ಕೊಟ್ರೆ 401 (ನೀನ್ಯಾರೋ ಗೊತ್ತಿಲ್ಲ) ಬರ್ಬೇಕು ತಾನೆ? 200 ಕೊಟ್ಟು ಒಳಗಡೆ ಬ್ಯಾಡ್ ಕ್ರೆಡೆನ್ಷಿಯಲ್ಸ್ ಅಂತ ಮೆಲ್ಲಗೆ ಹೇಳತ್ತೆ. ಕೋಚಿಂಗಲ್ಲಿ ಹೇಳ್ಕೊಟ್ಟ ಹಾಗೆ ಬರೀ 200 ನೋಡಿದ್ರೆ ಇದು ಪಾಸು! ಫಸ್ಟ್‌ನೇಮ್ ಇಲ್ಲದೆ ಬುಕಿಂಗ್ ಕಳ್ಸಿದ್ರೆ 400 (ಕಳ್ಸಿದ್ದು ತಪ್ಪು) ಬದ್ಲು 500 (ಸರ್ವರೇ ಎಡವಿತು) ಅಂತ ಕುಸಿಯತ್ತೆ. ಡಿಲೀಟ್ ಮಾಡಿದ್ರೆ 201 ಕ್ರಿಯೇಟೆಡ್, ಅಳಿಸಿದ್ದಕ್ಕೆ ಹುಟ್ಟಿತು ಅಂತ ಸರ್ಟಿಫಿಕೇಟು.

ಚಿಕ್ಕಮ್ಮನ ಮಗ ಈ ವರ್ಷ ಬಿಸಿಎ ಮುಗಿಸಿ ನಮ್ಮನೇಲೇ ಇದಾನೆ, ಕೆಲಸ ಹುಡುಕ್ತಾ. ನಿನ್ನೆ ಪಕ್ಕ ಕೂತು ನೋಡ್ತಿದ್ದ, 14 ಪಾಸ್, 3 ಫೇಲ್.

"ಅಕ್ಕಾ, ಆ ಮೂರನ್ನೂ ಹಸಿರು ಮಾಡ್ಬಿಡೇ, ಇಲ್ಲಿ 401 ತೆಗ್ದು 200 ಅಂತ ಬರ್ದ್ರೆ ಆಯ್ತಲ್ಲ."

"ಕೋಡ್ ನಂದು ಸರಿ ಇದೆ ಕಣೋ, ತಪ್ಪು ಅದ್ರದ್ದು."

"ಡಿಲೀಟಿಗೆ 201 ಅಂತ ಅವರ ಡಾಕ್ಯುಮೆಂಟಲ್ಲೇ ಬರ್ದಿದಾರಲ್ಲ, ಮತ್ತೆ ಅದು ಹೆಂಗೆ ಬಗ್ಗು?"

ಅದಕ್ಕೆ ನನ್ನ ಹತ್ರ ತಕ್ಷಣ ಉತ್ತರ ಇರ್ಲಿಲ್ಲ. ಕಾಫಿ ಕುಡೀತಾ ಅರ್ಧ ಗಂಟೆ ಇದನ್ನೇ ವಾದ ಮಾಡಿದ್ವಿ, ಡಾಕ್ಯುಮೆಂಟೇ ತಪ್ಪಿದ್ರೆ ಟೆಸ್ಟರ್ ಯಾವ ಕಡೆ ನಿಲ್ಬೇಕು ಅಂತ. ಕೊನೆಗೆ ಮೂರೂ ಕೆಂಪಾಗೇ ಬಿಟ್ಟು, ಆ ಡಿಲೀಟ್ ಟೆಸ್ಟ್ ಮೇಲೆ ಮಾತ್ರ "ಇನ್ನೂ ಜಗಳದಲ್ಲಿದೆ" ಅಂತ ಕಾಮೆಂಟ್ ಹಾಕಿದೀನಿ.