ಕಲ್ಲಣಬೆ ಹುಡುಕಿ ಕಾರ್ಕಳದ ಗುಡ್ಡಕ್ಕೆ

ಮಂಗಳೂರಿನಿಂದ ಹೊರಟ ಬಸ್ಸು ಮೂಡುಬಿದಿರೆ ದಾಟುವಾಗ ಮಳೆ ಜೋರಾಯಿತು. ಪಕ್ಕದವರು ಗೊಣಗುತ್ತಾ ಶಟರ್ ಎಳೆದರು. ನನಗೆ ಮಾತ್ರ ಖುಷಿ. ಕಲ್ಲಣಬೆ ಸಿಗುವ ಕಾಲ ತೀರಾ ಚಿಕ್ಕದು. ಮೊದಲ ಮಳೆ ಬಿದ್ದು, ಗುಡುಗು ಗುಡುಗಿದ ಮೇಲೆ ಕೆಲವೇ ವಾರ. ಗುಡುಗಿನ ಸದ್ದಿಗೇ ಅದು ಮಣ್ಣಿನಿಂದ ಏಳುತ್ತದೆ ಅಂತ ಇಲ್ಲಿ ಹೇಳುತ್ತಾರೆ. ತುಳುವಿನಲ್ಲಿ ಇದು ಕಲ್ಲಲಂಬು.

ಕಾರ್ಕಳದಲ್ಲಿ ಇಳಿದರೆ ರಸ್ತೆ ಬದಿಯಲ್ಲೇ ಗೋಣಿ ಹಾಸಿ ಮಾರುತ್ತಿದ್ದರು. ಅಳತೆ ಇವತ್ತಿಗೂ ಸೇರಿನಲ್ಲೇ. ಬೆಲೆ ಕೇಳಿ ಮುಂದೆ ನಡೆದವರು ಜಾಸ್ತಿ, ಕೊಂಡವರು ಕಡಿಮೆ. ಊರಿಗೆ ಬಂದ ಮೇಲೆ 1432ರ ಗೊಮ್ಮಟನನ್ನು ನೋಡದೆ ಹೋಗುವುದುಂಟೇ? 42 ಅಡಿಯ ಬಾಹುಬಲಿ ಮಳೆಯಲ್ಲಿ ನೆನೆದು ಕಪ್ಪಗೆ ಮಿಂಚುತ್ತಿದ್ದ. ನೋಡಿ, ಕೈಮುಗಿದು, ಬಜಗೋಳಿ ಕಡೆ ಹೊರಟೆ. ಅಲ್ಲಿ ಸ್ನೇಹಿತನ ಅತ್ತೆಯ ಮನೆ.

ಅತ್ತೆ ಕೈಯಲ್ಲಿ ಒಂದು ಮೊಂಡು ಕತ್ತಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ. ಗುಡ್ಡ ಹತ್ತುವಾಗ ಅವರು ನೆಲ ನೋಡಲೇ ಇಲ್ಲ, ಮರಗಳನ್ನು ನೋಡುತ್ತಾ ನಡೆದರು. ಕಿರಾಲುಬೋಗಿ ಮರ ಕಂಡಲ್ಲಿ ಮಾತ್ರ ಕೂತು, ತರಗೆಲೆ ಸರಿಸಿ, ಮುರಕಲ್ಲಿನ ಕೆಂಪು ಮಣ್ಣು ಕೆದಕುತ್ತಿದ್ದರು. ಸುಮ್ನೆ ಅಲ್ಲ ಅದು. ಕಲ್ಲಣಬೆ ಬದುಕುವುದೇ ಮರದ ಬೇರಿನ ಜೊತೆ ಕೊಡುಕೊಳ್ಳುವಿಕೆಯಲ್ಲಿ. ಅಣಬೆಯ ಎಳೆಗಳು ಬೇರಿಗೆ ನೀರು, ರಂಜಕ ತಂದುಕೊಡುತ್ತವೆ. ಮರ ಸಕ್ಕರೆ ಕೊಡುತ್ತದೆ. ಚಿಪ್ಪಣಬೆಯಂತೆ ಹುಲ್ಲಿನ ಚೀಲದಲ್ಲಿ ಇದನ್ನು ಬೆಳೆಯಲು ಆಗದಿರುವುದು ಇದಕ್ಕೇ. ಕಿರಾಲುಬೋಗಿ, ಧೂಪ, ಉತ್ತರದ ಸಾಲ ಎಲ್ಲ ಒಂದೇ ಕುಟುಂಬದ ಮರಗಳು. ಜಾರ್ಖಂಡಿನ ಸಾಲ ಕಾಡಿನಲ್ಲಿ ಇದರ ಬಳಗದ ಅಣಬೆಯನ್ನೇ ರುಗ್ಡಾ ಅಂತ ಮಾರುತ್ತಾರೆ. ಥಾಯ್ಲೆಂಡಿನಲ್ಲೂ ಮೊದಲ ಮಳೆಗೆ ಕಾಡಿಗೆ ಓಡುತ್ತಾರಂತೆ.

ಸಿಕ್ಕಿದ್ದು ನೆಲ್ಲಿಕಾಯಿಯಷ್ಟಿದ್ದ ಉಂಡೆಗಳು. ಕಾಂಡವಿಲ್ಲ, ಕೊಡೆಯಿಲ್ಲ. ಬುಟ್ಟಿಗೆ ಹಾಕುವ ಮೊದಲು ಅತ್ತೆ ಅನುಮಾನ ಬಂದದ್ದನ್ನೆಲ್ಲ ಕತ್ತಿಯಿಂದ ಎರಡು ಹೋಳು ಮಾಡುತ್ತಿದ್ದರು. ಒಳಗೆ ಪೂರ್ತಿ ಬೆಳ್ಳಗಿದ್ದರೆ ಎಳೆಯದು, ಬುಟ್ಟಿಗೆ. ಕಪ್ಪಾಗಿದ್ದರೆ ಬಲಿತದ್ದು, ಪೊದೆಗೆ. ಅಣಬೆ ಬಲ್ಲವರು ಇದೇ ಪರೀಕ್ಷೆಯನ್ನು ಇನ್ನೂ ಗಂಭೀರವಾಗಿ ಮಾಡುತ್ತಾರೆ. ಅಮಾನಿಟಾ ಜಾತಿಯ ಮರಿ ಅಣಬೆಯೂ ಮೊದಲು ಮೊಟ್ಟೆಯ ಹಾಗೇ ಇರುತ್ತದೆ. ಸೀಳಿದರೆ ಒಳಗೆ ಪುಟ್ಟ ಕೊಡೆಯ ಗೆರೆ ಕಾಣುತ್ತದೆ. ಆ ಜಾತಿಯಲ್ಲಿ ಪ್ರಾಣ ತೆಗೆಯುವವೂ ಇವೆ. ಸ್ಕ್ಲೆರೋಡರ್ಮಾ ಅಂತ ಇನ್ನೊಂದು ಉಂಡೆ ಇದೆ. ಸಿಪ್ಪೆ ಬೆಳ್ಳಗಿದ್ದರೂ ಒಳಗೆ ಬೇಗನೇ ನೇರಳೆಗಪ್ಪು. ತಿಂದರೆ ವಾಂತಿ ಗ್ಯಾರಂಟಿ. ಗೊತ್ತಿರುವವರು ಜೊತೆಗಿಲ್ಲದೆ ಕಾಡಿನ ಉಂಡೆ ಅಣಬೆಗಳನ್ನು ಅಡುಗೆಮನೆಗೆ ತರಲೇಬೇಡಿ.

ಒಂದು ಬಂಡೆಯ ಪಕ್ಕ ಹಳೆಯ ಕಲ್ಲಣಬೆ ಸಿಕ್ಕಿತು. ಹೊರಗಿನ ದಪ್ಪ ಸಿಪ್ಪೆ ನಕ್ಷತ್ರದಂತೆ ಬಿರಿದಿತ್ತು. ನಡುವೆ ಚೀಲ, ಒತ್ತಿದರೆ ಕಂದು ಪುಡಿ. ಅತ್ತೆ ಅದರತ್ತ ತಿರುಗಿಯೂ ನೋಡಲಿಲ್ಲ. ಯುರೋಪಿನ ವಿದ್ವಾಂಸರು ಮಾತ್ರ ನೋಡಿದ್ದೇ ಈ ಮುಪ್ಪಿನ ರೂಪವನ್ನು. 1801ರಲ್ಲಿ ಪರ್ಸೂನ್ ಇಂಥದ್ದೇ ಅಣಬೆಯನ್ನು ಭೂನಕ್ಷತ್ರಗಳ, ಅಂದರೆ ನಕ್ಷತ್ರದಂತೆ ಬಿರಿಯುವ ಬೇರೊಂದು ಬಗೆಯ ಅಣಬೆಗಳ ಸಾಲಿಗೆ ಸೇರಿಸಿ ಗಿಯಾಸ್ಟ್ರಮ್ ಹೈಗ್ರೊಮೆಟ್ರಿಕಮ್ ಅಂದ. ಇದರ ಎಸಳು ಒದ್ದೆಯಾದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮುಚ್ಚಿಕೊಳ್ಳುತ್ತದೆ. 1889ರಲ್ಲಿ ಅಮೆರಿಕದ ಮಾರ್ಗನ್ ಅದನ್ನು ಬೇರೆ ಮಾಡಿ ಆಸ್ಟ್ರಿಯಸ್ ಎಂಬ ಹೊಸ ಕುಲ ಮಾಡಿದ. ಆದರೂ, ಹೊಟ್ಟೆಯೊಳಗೆ ಪುಡಿ ತುಂಬಿಕೊಳ್ಳುವ ಅಣಬೆಗಳೆಂದು ಎರಡನ್ನೂ ಒಂದೇ ದೊಡ್ಡ ಗುಂಪಿನಲ್ಲಿ ಬಹುಕಾಲ ಇಟ್ಟಿದ್ದರು.

ಡಿಎನ್‌ಎ ಓದಲು ಶುರುವಾದ ಮೇಲೆ ಲೆಕ್ಕ ತಲೆಕೆಳಗಾಯಿತು. ಆಸ್ಟ್ರಿಯಸ್ ಸೇರಬೇಕಾದದ್ದು ಬೊಲೀಟ್‌ಗಳ ಬಳಗಕ್ಕೆ. ಬೊಲೀಟ್ ಅಂದರೆ ಕೊಡೆಯ ಅಡಿಯಲ್ಲಿ ತೆಳು ಪದರಗಳ ಬದಲು ಸಣ್ಣ ತೂತುಗಳಿರುವ ಅಣಬೆ. ನಿಜವಾದ ಭೂನಕ್ಷತ್ರ ಎಲ್ಲೋ ದೂರದಲ್ಲಿ, ಗಬ್ಬು ನಾರುವ ಸ್ಟಿಂಕ್‌ಹಾರ್ನ್‌ಗಳ ಹತ್ತಿರ. ಇನ್ನೂ ಮಜಾ ಏನು ಗೊತ್ತಾ? ಕಲ್ಲಣಬೆಯ ಖಾಸಾ ದಾಯಾದಿ ಆ ವಿಷದ ಉಂಡೆ, ಸ್ಕ್ಲೆರೋಡರ್ಮಾ! ಅಚ್ಚು ಹೊಯ್ದಂತಿರುವ ನಕ್ಷತ್ರ ನೆಂಟನಲ್ಲ, ಕತ್ತಿಯಿಂದ ಸೀಳಿ ದೂರ ಇಡಬೇಕಾದದ್ದೇ ನೆಂಟ.

ಹಾಗಾದರೆ ಕಾರ್ಕಳದ್ದು ಯಾವುದು? ಬಹುಕಾಲ ಏಷ್ಯಾದ್ದನ್ನೆಲ್ಲ ಪರ್ಸೂನ್ ಹೆಸರಿಟ್ಟ ಅದೇ ಪ್ರಭೇದ, ಆಸ್ಟ್ರಿಯಸ್ ಹೈಗ್ರೊಮೆಟ್ರಿಕಸ್ ಅಂತಲೇ ಕರೆದರು. 2004ರಲ್ಲಿ ಥಾಯ್ಲೆಂಡಿನಿಂದ ಆಸ್ಟ್ರಿಯಸ್ ಓಡೊರೇಟಸ್ ಅನ್ನುವ ಬೇರೆ ಪ್ರಭೇದವನ್ನು ಗುರುತಿಸಿದರು. ಮುಂದೆ 2007ರಲ್ಲಿ ಏಷಿಯಾಟಿಕಸ್ ಬಂತು. ಮಂಗಳೂರು ವಿಶ್ವವಿದ್ಯಾಲಯದವರು 2015ರಲ್ಲಿ ನಮ್ಮ ಕರಾವಳಿಯ ಮುರಕಲ್ಲು ಕುರುಚಲು ಕಾಡಿನ ಅಣಬೆಗಳನ್ನು ಪರೀಕ್ಷಿಸಿ, ಹೈಗ್ರೊಮೆಟ್ರಿಕಸ್ ಜೊತೆಗೆ ಓಡೊರೇಟಸ್ ಕೂಡ ಇಲ್ಲಿದೆ ಎಂದು ಬರೆದರು. ಬರಿಗಣ್ಣಿಗೆ ಪೂರ್ತಿ ಭರವಸೆ ಸಿಗದು. ಬೀಜಕಣದ ಮೇಲಿನ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಮನೆಗೆ ಬಂದು ಮಣ್ಣು ಹೋಗುವ ತನಕ ತೊಳೆದದ್ದೇ ತೊಳೆದದ್ದು. ಅಡುಗೆಗಿಂತ ಇದೇ ದೊಡ್ಡ ಕೆಲಸ. ತೆಂಗಿನಕಾಯಿ ಹುರಿದು ಹಾಕಿದ ಸುಕ್ಕ, ಜೊತೆಗೆ ನೀರ್‌ದೋಸೆ. ಹಲ್ಲಿಗೆ ಸಿಕ್ಕ ಕೂಡಲೇ ಸಿಪ್ಪೆ ಟಕ್ಕೆಂದು ಒಡೆಯುತ್ತದೆ, ಒಳಗೆ ಮೆತ್ತಗೆ. ಬೀಜಕಣದ ಮುಳ್ಳಿನ ಕಥೆಯನ್ನು ಅತ್ತೆಗೆ ಹೇಳಿದೆ. "ಹೌದಾ, ಇನ್ನೆರಡು ದೋಸೆ ಹಾಕಲಾ?" ಅಂದರು.