ಓಝರ್‌ಗೆ ಹೋಗೋ ರೈತರಿಗೆ ನಾಲ್ಕು ಮಾತು: ಕಾಲುವಿ ಬಾಲದವ್ರು ನೀರು ನಡೆಸೋದನ್ನ ನೋಡಿ ಬಂದ್ವಿ

ಹೋದ ಡಿಸೆಂಬರ್‌ನಾಗ ನಮ್ಮ ನೀರು ಬಳಕೆದಾರರ ಸಂಘದಿಂದ ಹನ್ನೊಂದು ಮಂದಿ ನಾಸಿಕ್ ಜಿಲ್ಲಾ ಓಝರ್‌ಗೆ ಹೋಗಿ ಬಂದ್ವಿ. ಬೇರೆ ಸಂಘದವ್ರು ಫೋನ್ ಮಾಡಿ ಹೆಂಗ ಹೋಗಬೇಕು, ಏನು ನೋಡಬೇಕು ಅಂತ ಕೇಳಾಕತ್ಯಾರ, ಅದಕ್ಕ ಒಮ್ಮೆಲೆ ಬರೆದು ಹಾಕ್ತೀನಿ.

ನಾವು ರಾಯಚೂರು ತಾಲ್ಲೂಕಿನ ಕೆಳಭಾಗದವ್ರು. ತುಂಗಭದ್ರಾ ಎಡದಂಡೆ ಕಾಲುವಿ 227 ಕಿಲೋಮೀಟರ್ ಐತಿ, ನಾವು ಅದರ ಬಾಲದಾಗ. ಜ್ವಾಳ, ಹತ್ತಿಯಂಥ ಲಘು ನೀರಾವರಿ ಬೆಳಿಗಂತ ಮಾಡಿದ ಕಾಲುವಿ ಇದು, ಆದ್ರ ಮ್ಯಾಲೆಲ್ಲಾ ನೀರು ಭಾಳ ಬೇಡೋ ಭತ್ತ, ನಮ್ಮತನ ನೀರು ಮುಟ್ಟೂದಿಲ್ಲ, ಹಿಂಗಾಗಿ 104ನೇ ಮೈಲಿನಾಗ ಗೇಜ್, ಅಂದ್ರ ನೀರಿನ ಮಟ್ಟ, ಎಷ್ಟೈತಿ ಅಂತ ಕೇಳೋದರಾಗೇ ನಮ್ಮ ಅರ್ಧ ವರ್ಷ ಹೋಗ್ತೈತಿ. ಓಝರ್‌ನವ್ರೂ ಬಾಲದವ್ರೇ, ವಾಘಾಡ್ ಡ್ಯಾಮಿನ ಬಲದಂಡೆ ಕಾಲುವಿ ಕೊನಿಗೆ ಅದಾರ, ಆದ್ರೂ ಸಂಘ ಕಟ್ಟಿ ತಾವೇ ನೀರು ನಡೆಸ್ತಾರ. ಅದಕ್ಕೇ ಅಲ್ಲಿಗೇ ಹೋಗಬೇಕಂತ ಹಟ ಹಿಡಿದಿದ್ದು.

ರೈಲು ನಮಗ ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೋಲಾಪುರ ಮ್ಯಾಲೆ ಮನ್ಮಾಡ್‌ಗೆ ಹೋಗ್ತೈತಿ. ನಾಸಿಕ್‌ಗೆ ಹೋಗೂದಿಲ್ಲ, ಮನ್ಮಾಡ್‌ನಾಗೇ ಇಳೀರಿ, ಅಲ್ಲಿಂದ ಚಾಂದವಡ, ಪಿಂಪಳಗಾಂವ್ ದಾಟಿ ಮುಂಬೈ-ಆಗ್ರಾ ಹೈವೇದಾಗೇ ಓಝರ್ ಬರ್ತೈತಿ. ಹನ್ನೊಂದು ಮಂದಿ ಇದ್ರ ಒಂದು ಟೆಂಪೋ ಟ್ರಾವೆಲರ್ ಎರಡು ದಿನಕ್ಕ ಮಾತಾಡಿಬಿಡ್ರಿ, ಯಾಕಂದ್ರ ಡ್ಯಾಮ್ ಇರೋದು ದಿಂಡೋರಿ ತಾಲ್ಲೂಕಿನಾಗ, ಕಾಲುವಿಗುಂಟ ತಿರುಗಾಡಾಕ ಗಾಡಿ ಬೇಕೇ ಬೇಕು. ಡಿಸೆಂಬರ್, ಜನವರಿ ಚಳಿ ಭಾಳ, ನಮ್ಮ ಬಿಸಲಿಗೆ ಹೊಂದಿದ ಮೈ ತಡಿಯೂದಿಲ್ಲ, ಸ್ವೆಟರ್ ಒಯ್ಯಿರಿ.

ಯಾವಾಗ ಹೋಗಬೇಕು ಅನ್ನೋದು ಮುಖ್ಯ. ಕಾಲುವಿಯಾಗ ನೀರು ಹರಿಯೋ ಪಾಳಿ ನೋಡಿಕೊಂಡೇ ಹೋಗ್ರಿ, ಅದಕ್ಕ ಅವ್ರು ಆವರ್ತನ ಅಂತಾರ. ಒಣ ಕಾಲುವಿ ನೋಡಾಕ ಅಷ್ಟು ದೂರ ಹೋಗಬೇಕಾಗಿಲ್ಲ. ನಾವು ಮುಟ್ಟಿದ್ದು ಐತವಾರ, ಆಫೀಸಿಗೆ ಬೀಗ, ಒಂದು ದಿನ ಹಂಗೇ ಕಳೀತು, ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡಿದ್ರ ಉಳೀತಿತ್ತು. ಮಾತಿಗೆ ಹಿಂದಿ ನಡೀತೈತಿ, ಆದ್ರ ಹೊಲದಾಗಿನ ಮುದುಕರು ಮರಾಠಿಯಾಗ ಹೇಳೋದೇ ಛಲೋ ವಿಷಯ, ಬೀದರ್ ಕಡಿಯವ್ರು ಒಬ್ಬರನ್ನ ಜೋಡಿ ಮಾಡಿಕೊಳ್ರಿ.

ಕಥಿ ಸಣ್ಣಾಗಿ ಹೇಳ್ತೀನಿ. ಬಾಪು ಉಪಾಧ್ಯೆ, ಭರತ್ ಕಾವಳೆ ಅನ್ನೋರು ಸಮಾಜ ಪರಿವರ್ತನ ಕೇಂದ್ರ ಅನ್ನೋ ಸಂಸ್ಥೆಯಿಂದ ಊರೂರು ತಿರುಗಿ ರೈತರನ್ನ ಕೂಡಿಸಿ 1990ರ ದಶಕದ ಶುರುವಿನಾಗ ಬಾಲದಾಗ ಮೂರು ಸಂಘ ಕಟ್ಟಿದ್ರು, ಮಹಾತ್ಮಾ ಫುಲೆ, ಬಾಣಗಂಗಾ, ಜಯ ಯೋಗೇಶ್ವರ ಅಂತ. ಆಮ್ಯಾಲೆ ಮ್ಯಾಲಿನವ್ರೂ ಕಟ್ಟಿದ್ರು, ಈಗ ವಾಘಾಡ್ ಕಾಲುವಿ ಮ್ಯಾಲೆ 24 ಸಂಘ, ಎಲ್ಲಾ ಕೂಡಿ ಇಡೀ ಪ್ರಾಜೆಕ್ಟಿಗೆ ಒಂದು ಒಕ್ಕೂಟ. ರೈತರ ಸಂಘಕ್ಕ ನೀರಾವರಿ ನಡೆಸಾಕ ಕೊಡೋ ಮಹಾರಾಷ್ಟ್ರದ ಕಾಯ್ದೆ ಬಂದಿದ್ದು 2005ರಾಗ, ಅಂದ್ರ ಇವ್ರು ಕಾಯ್ದೆ ಬರೋತನ ಕುಂತಿರಲಿಲ್ಲ. ನಮ್ಮಲ್ಲಿ 2000ದಾಗೇ ನೀರಾವರಿ ಕಾಯ್ದೆ ತಿದ್ದುಪಡಿ ಆಗಿ ಸಂಘಕ್ಕ ದಾರಿ ಆತು, ಆದ್ರ ಎಷ್ಟೋ ಸಂಘ ರಿಜಿಸ್ಟರ್‌ದಾಗಷ್ಟೇ ಅದಾವ, ಇದನ್ನ ನೆನೆಸಿದ್ರ ಹೊಟ್ಟಿ ಉರೀತೈತಿ.

ಅಲ್ಲಿ ಏನು ನೋಡಬೇಕಂದ್ರ ಅಳತಿ. ಎಲ್ಲರೂ ದ್ರಾಕ್ಷಿ ತೋಟ ನೋಡಿ ಫೋಟೋ ತಕ್ಕೊಂಡು ಬರ್ತಾರ, ಬ್ಯಾಡ್ರಿ, ಕಾಲುವಿ ತೂಬಿನ ಹತ್ರ ಒಂದು ತಾಸು ನಿಂತ್ಕೊಳ್ರಿ. ಇಲಾಖೆ ಸಂಘಕ್ಕ ನೀರನ್ನ ಅಳದು ಕೊಡ್ತೈತಿ, ಬಿಲ್ಲೂ ಅಳತಿ ಮ್ಯಾಲೇ, ಎಕರೆ ಲೆಕ್ಕ ಅಲ್ಲ, ಯಾವ ಬೆಳಿ ಹಾಕಬೇಕು ಅನ್ನೋದು ರೈತರಿಗೆ ಬಿಟ್ಟಿದ್ದು. ಅಕ್ಟೋಬರ್ 15ಕ್ಕ ಡ್ಯಾಮಿನಾಗ ಎಷ್ಟು ನೀರೈತಿ ನೋಡಿ ಆ ವರ್ಷದ ಪಾಲು ಹಾಕ್ತಾರ, ಮಳಿ ಕಡಿಮಿ ಅಂದ್ರ ಎಲ್ಲರಿಗೂ ಕಡಿಮಿ. ತನ್ನ ಪಾಲು ಇಷ್ಟೇ ಅಂತ ಗೊತ್ತಾದ ಮ್ಯಾಲೆ ಮನಷ್ಯಾ ತಾನಾಗೇ ಡ್ರಿಪ್ ಹಾಕ್ತಾನ. ಅದೇ ಪಾಲಿನಿಂದ ಹಳ್ಳದಾಗಿನ ಚೆಕ್ ಡ್ಯಾಮ್‌ಗಳನ್ನ ತುಂಬಿಸಿ ಸುತ್ತಿನ ಬಾವಿಗೆ ನೀರು ಬರೋಹಂಗ ಮಾಡ್ಯಾರ, ಇದನ್ನ ಮಾತ್ರ ನಡಕೊಂತ ಹೋಗಿ ಕಣ್ಣಾರೆ ನೋಡ್ರಿ. ಸಂಘದ ನಿರ್ದೇಶಕರಾಗ ತಲಿ, ನಡು, ಬಾಲ ಮೂರೂ ಕಡಿಯವ್ರು ಇರಬೇಕಂತ ಕಾಯ್ದೆನೇ ಹೇಳ್ತೈತಿ.

ಎರಡನೇ ದಿನ ಸಂಘದವ್ರ ಮುಂದ ಕುಂತಾಗ ಪಾಸ್‌ಬುಕ್, ವಸೂಲಿ ಪುಸ್ತಕ, ಪಾಳಿ ಚೀಟಿ ತೋರ್ಸ್ರಿ ಅಂತ ಕೇಳ್ರಿ, ತಪ್ಪು ತಿಳಕೊಳ್ಳೂದಿಲ್ಲ. ಜಗಳ ಆದ್ರ ಯಾರು ಬಗೆಹರಿಸ್ತೀರಿ, ನೀರು ಕದ್ದವಂಗೆ ಏನು ಮಾಡ್ತೀರಿ ಅಂತಾನೂ ಕೇಳ್ರಿ. ದ್ರಾಕ್ಷಿ ತೋಟದೊಳಗ ಮಾತ್ರ ಕೇಳದಂಗ ಕಾಲಿಡಬ್ಯಾಡ್ರಿ. ಇನ್ನೊಂದು ದಿನ ಇದ್ರ ಸಟಾಣಾ ಕಡೆ ಹೋಗ್ರಿ, ಅಲ್ಲಿ ಮೋಸಂ, ಆರಮ್ ನದಿಗುಂಟ ಫಡ್ ಪದ್ಧತಿ ಅಂತ ನೂರಾರು ವರ್ಷದಿಂದ ರೈತರೇ ಒಡ್ಡು ಕಟ್ಟಿ ನೀರು ಹಂಚಿಕೊಂಡು ಬಂದಾರ. ಹೊಲದ ಭೂಮಿನ ಫಡ್ ಅಂತ ಭಾಗ ಮಾಡಿ, ಒಂದು ಫಡ್‌ನಾಗ ಎಲ್ಲರೂ ಒಂದೇ ಬೆಳಿ, ನೀರು ಬಿಡಾಕ ಊರವ್ರೇ ಇಟ್ಟ ಪಾಟಕರಿ. ನಾವು ಒಂದು ಒಡ್ಡು ನೋಡೋದರಾಗ ಹೊತ್ತು ಮುಳುಗಿತು.

ನಾವು ಮಾಡಿದ ದೊಡ್ಡ ತಪ್ಪಂದ್ರ ಹನ್ನೊಂದೂ ಮಂದಿ ಕೆಳಭಾಗದವ್ರೇ ಹೋಗಿದ್ದು. ನೀರು ಬಿಡಬೇಕಾದವ್ರು ಮನ್ಯಾಗ, ನೀರು ಬೇಕಾದವ್ರು ರೈಲಿನಾಗ. ಖರ್ಚು ನೀವೇ ಹಾಕಿದ್ರೂ ಅಡ್ಡಿ ಇಲ್ಲ, ಮ್ಯಾಲಿನವ್ರನ್ನ ಕರಕೊಂಡು ಹೋಗ್ರಿ, ಒಂದೇ ಬೋಗಿಯಾಗ ಬುತ್ತಿ ಬಿಚ್ಚಿ ಉಂಡು ಹೋದ್ರ ಮಾತಿನ ಧಾಟಿನೇ ಬ್ಯಾರೆ ಆಗ್ತೈತಿ. ನಮ್ಮ ಡಿಸ್ಟ್ರಿಬ್ಯೂಟರಿ (ಹಂಚಿಕಿ ಕಾಲುವಿ) ತಲಿಭಾಗದ ಇಬ್ಬರು ಭತ್ತದ ರೈತರು ಈಗ ಬರ್ತೀವಿ ಅಂದಾರ, ಕೊಯ್ಲು ಮುಗಿದ ಮ್ಯಾಲೆ ಟಿಕೆಟ್ ಮಾಡಸ್ತೀವಿ. ಸುತ್ತಲಿನ ಸಂಘದವ್ರು ಯಾರಾದ್ರೂ ಕೂಡೋದಿದ್ರ ಹೇಳ್ರಿ, ಗಾಡಿಯಾಗ ಇನ್ನೂ ಜಾಗ ಐತಿ.